ಕಾಡೊಂದು ಕಾಯ್ದ ಊರು: ಆಂಡರ್‌ಮಾಟ್

ಸ್ವಿಟ್ಜರ್ಲೆಂಡ್ ದೇಶದ ನಟ್ಟನಡುವೆ, ಊರಿ ಎಂಬ ಪ್ರಾಂತದಲ್ಲಿ, ಆಲ್ಪ್ಸ್ ಪರ್ವತಗಳ ಮಡಿಲಲ್ಲಿ ಉರ್ಸೆರೆನ್ ಎಂಬ ಕಿರಿದಾದ ಕಣಿವೆಯಿದೆ. ಅದರ ಮುಖ್ಯ ಗ್ರಾಮವೇ ಆಂಡರ್‌ಮಾಟ್. ಸಮುದ್ರಮಟ್ಟದಿಂದ ಸುಮಾರು 1,440 ಮೀಟರ್ ಎತ್ತರದಲ್ಲಿರುವ ಈ ಊರಿನ ಜನಸಂಖ್ಯೆ 1,500ರ ಆಸುಪಾಸು. ಗಾತ್ರದಲ್ಲಿ ಇದು ಅತಿ ಸಣ್ಣದು. ಆದರೆ ಇದು ನಿಂತಿರುವ ನೆಲೆ ಅಸಾಧಾರಣವಾದುದು. ದಕ್ಷಿಣಕ್ಕೆ ಗೊಟ್ಟಾರ್ಡ್ ಘಟ್ಟ, ಪೂರ್ವಕ್ಕೆ ಓಬರಾಲ್ಪ್ ಘಟ್ಟ, ಪಶ್ಚಿಮಕ್ಕೆ ಫುರ್ಕಾ ಘಟ್ಟ, ಉತ್ತರಕ್ಕೆ ಶೊಲ್ಲೆನೆನ್ ಕಮರಿ. ರೈನ್, ರೋನ್, ಟಿಚಿನೋ, ರಾಯ್ಸ್ ಎಂಬ ನಾಲ್ಕು ನದಿಗಳು ಈ ಪರಿಸರದಲ್ಲಿಯೇ ಜನ್ಮತಾಳಿ ಬೇರೆ ಬೇರೆ ದಿಕ್ಕಿಗೆ ಹರಿದುಹೋಗುತ್ತವೆ.

ಮಧ್ಯಯುಗದಲ್ಲಿ ಈ ಕಣಿವೆಯು ಡಿಸೆಂಟಿಸ್‌ನ ಬೆನೆಡಿಕ್ಟೀನ್ ಮಠದ ಅಧೀನದಲ್ಲಿತ್ತು. ಪಶ್ಚಿಮದ ವಾಲಿಸ್ ಸೀಮೆಯಿಂದ ಬಂದ ವಾಲ್ಸರ್ ಎಂಬ ಜರ್ಮನ್ ಭಾಷಿಕರು ಇಲ್ಲಿ ನೆಲೆಸಿ ದನ ಸಾಕಿದರು, ಹುಲ್ಲುಗಾವಲನ್ನು ಊರೊಟ್ಟಿನ ಆಸ್ತಿಯಾಗಿ ಅನುಭವಿಸಿದರು. 13ನೆಯ ಶತಮಾನದ ಆರಂಭದಲ್ಲಿ ಶೊಲ್ಲೆನೆನ್ ಕಮರಿಗೆ ಸೇತುವೆ ಬಿದ್ದೊಡನೆ ಜರ್ಮನಿಗೂ ಇಟಲಿಗೂ ನೇರ ದಾರಿ ತೆರೆಯಿತು. ಹೇರುಗುದುರೆ, ಹೇಸರಗತ್ತೆಗಳ ಮೇಲೆ ಸರಕು ಸಾಗಿಸುವುದೇ ಜನರ ಕಸುಬಾಯಿತು. 1382ರಲ್ಲಿ ರಾಜ ವೆನ್ಸೆಲ್‌ನಿಂದ ಕಣಿವೆಯು ಸ್ವಾಧಿಕಾರ ಪಡೆಯಿತು; 1410ರಲ್ಲಿ ಊರಿ ಪ್ರಾಂತದೊಡನೆ ಒಪ್ಪಂದ ಮಾಡಿಕೊಂಡಿತು; 1649ರಲ್ಲಿ ಮಠದ ಉಳಿದ ಹಕ್ಕುಗಳನ್ನು ಹಣ ತೆತ್ತು ಬಿಡಿಸಿಕೊಂಡಿತು.

ಅಂದಿನ ಸೇತುವೆಯ ಹೆಸರು ‘ದೆವ್ವದ ಸೇತುವೆ’. ಅದನ್ನು ಕಟ್ಟಿಕೊಟ್ಟ ಸೈತಾನನು ಮೊದಲು ದಾಟುವ ಜೀವವನ್ನು ಕೂಲಿಯಾಗಿ ಕೇಳಿದನೆಂದೂ, ಜಾಣರಾದ ಜನರು ಒಂದು ಹೋತವನ್ನು ದಾಟಿಸಿದರೆಂದೂ ಐತಿಹ್ಯವಿದೆ. ಸಿಟ್ಟಿಗೆದ್ದ ಸೈತಾನನು ಹೊತ್ತುತಂದನೆನ್ನಲಾದ ಬಂಡೆಯು ಇಂದಿಗೂ ಕೆಳಗಿನ ಗೋಶೆನೆನ್ ಗ್ರಾಮದ ಬಳಿಯಿದೆ. 220 ಟನ್ ತೂಗುವ ಈ ಬಂಡೆಯು ಹೆದ್ದಾರಿಗೆ ಅಡ್ಡವಾದಾಗ, ಒಡೆದುಹಾಕದೆ 1977ರಲ್ಲಿ 127 ಮೀಟರ್ ಸರಿಸಿ ಉಳಿಸಿಕೊಂಡರು. ಕಥೆಗೂ ಒಂದು ಬೆಲೆಯುಂಟೆಂದು ತಿಳಿದ ಜನವಿದು.

ಆದರೆ ಈ ಊರಿನ ನಿಜವಾದ ಸ್ವಭಾವವನ್ನರಿಯಲು ಊರ ಹಿಂದಿನ ಇಳಿಜಾರನ್ನು ನೋಡಬೇಕು. ಬೋಳು ಬೆಟ್ಟಗಳ ನಡುವೆ ತ್ರಿಕೋನಾಕಾರದ ಒಂದು ತುಂಡು ಕಾಡು ಅಲ್ಲಿದೆ. ಹಿಮದ ರಾಶಿ ಬೆಟ್ಟದಿಂದ ಜಾರಿ ಬಂದರೆ ಊರನ್ನು ಕಾಯುವುದು ಇದೊಂದೇ ಎಂಬುದನ್ನು ಮನಗಂಡ ಹಿರಿಯರು 1397ರಲ್ಲಿ ಒಂದು ಶಾಸನಪತ್ರ ಬರೆದರು. ಈ ಕಾಡಿನಲ್ಲಿ ಮರ ಕಡಿಯುವುದಂತೂ ಸರಿಯೆ, ಬಿದ್ದ ಕಾಯಿಯನ್ನು ಹೊತ್ತೊಯ್ಯುವುದನ್ನೂ ನಿಷೇಧಿಸಿದರು. ಆರು ತಿಂಗಳು ಹಿಮ ಕವಿಯುವ, ಸೌದೆಗೆ ಬಡತನವಿರುವ ಊರಿನಲ್ಲಿ ಕಣ್ಣೆದುರಿನ ಮರವನ್ನು ಮುಟ್ಟದಿರುವುದು ಸುಲಭದ ವ್ರತವಲ್ಲ. ತಾನು ಚಳಿಯಲ್ಲಿ ನಡುಗಿ ಮೊಮ್ಮಕ್ಕಳ ಮನೆಯನ್ನು ಕಾಯುವ ವಿವೇಕ ಅದು. ಆದಾಗ್ಯೂ ಪ್ರಕೃತಿಯ ಮುಂದೆ ಮನುಷ್ಯನ ಎಚ್ಚರ ಸಾಲದಾಗುವುದುಂಟು: 1951ರ ಜನವರಿ 20ರಂದು ಒಂದರ ಹಿಂದೊಂದು ಹಿಮಕುಸಿತಗಳು ಎರಗಿ ಇಲ್ಲಿ 13 ಮಂದಿ ಪ್ರಾಣ ಕಳೆದುಕೊಂಡರು.

ದಾರಿಯಿಂದ ಬದುಕಿದ ಊರು ದಾರಿಯಿಂದಲೇ ಸೊರಗಿತು. 1882ರಲ್ಲಿ ಗೋಶೆನೆನ್‌ನಿಂದ ಐರೋಲೋವರೆಗೆ 15 ಕಿಲೋಮೀಟರ್ ಉದ್ದದ ರೈಲು ಸುರಂಗ ತೆರೆಯಿತು. ಅದು ಹಾದುಹೋದದ್ದು ಈ ಊರಿನ ಅಡಿಯಲ್ಲಿಯೇ. ನೆಲದಡಿಯಲ್ಲಿ ರೈಲು ಓಡಿದಂತೆ ನೆಲದ ಮೇಲೆ ಛತ್ರಗಳೂ ಅಂಚೆಬಂಡಿಗಳೂ ಬರಿದಾದವು. 1885ರ ನಂತರ ಬಂದ ಸೈನ್ಯದ ಕೋಟೆಕೊತ್ತಲಗಳೇ ಅನೇಕ ಕುಟುಂಬಗಳಿಗೆ ಅನ್ನವಾದವು.

ಇದಕ್ಕಿಂತ ದೊಡ್ಡ ಗಂಡಾಂತರ ಬಂದದ್ದು ವಿದ್ಯುತ್ತಿನ ರೂಪದಲ್ಲಿ. ಕಣಿವೆಯ ಬಾಯಿಗೆ ಅಣೆಕಟ್ಟು ಕಟ್ಟಿ ಆಂಡರ್‌ಮಾಟ್, ಹೊಸ್ಪೆಂಟಾಲ್, ರಿಯಾಲ್ಪ್ ಈ ಮೂರೂ ಗ್ರಾಮಗಳನ್ನು ಮುಳುಗಡೆ ಮಾಡುವ ಯೋಜನೆ ಸಿದ್ಧವಾಯಿತು. ಜನರು ಪರಿಹಾರದ ಮಾತಿಗೇ ಒಪ್ಪಲಿಲ್ಲ. 1946ರ ಫೆಬ್ರವರಿಯ ಒಂದು ರಾತ್ರಿ, ಯೋಜನೆಯ ಪರವಾಗಿ ಬಂದಿದ್ದ ಎಂಜಿನಿಯರನನ್ನು ಹೊಡೆದು ಊರಿನಿಂದ ಹೊರಗಟ್ಟಿದರು. ಆ ಕೃತ್ಯವನ್ನು ಹೊಗಳಲಾಗದು. ಆದರೆ ಅದರ ಹಿಂದಿನ ನೋವನ್ನು ಅರಿಯದವರಾರು? ಯೋಜನೆ ಕೈಬಿಟ್ಟಿತು. ಕಣಿವೆ ಉಳಿಯಿತು. ಆದರೆ ವಿದ್ಯುತ್ತಿನ ಬೇಡಿಕೆ ಉಳಿದೇ ಇತ್ತು. 1960ರಲ್ಲಿ ಪಕ್ಕದ ಕಣಿವೆಯಲ್ಲಿ ಅಣೆಕಟ್ಟು ಮುಗಿದಾಗ ಗೋಶೆನೆರಾಲ್ಪ್ ಎಂಬ ಪುಟ್ಟ ಕೇರಿ ನೀರೊಳಗಾಯಿತು. ದೊಡ್ಡ ಊರಿಗೆ ಕೂಗುವ ದನಿಯಿತ್ತು. ಕೇರಿಗೆ ಅದು ಸಾಲಲಿಲ್ಲ. ಆಂಡರ್‌ಮಾಟ್‌ನ ಗೆಲುವನ್ನು ಹೇಳುವವರು ಈ ಸೋಲನ್ನೂ ಜೊತೆಗೆ ಹೇಳುವುದು ನ್ಯಾಯ.

ಶೀತಲ ಸಮರದ ಬಳಿಕ ಸೈನ್ಯವೂ ಕುಗ್ಗಿತು. 2005ರಲ್ಲಿ ಈಜಿಪ್ಟಿನ ಉದ್ಯಮಿ ಸಮೀಹ್ ಸಾವಿರಿಸ್ ಬೃಹತ್ ಪ್ರವಾಸಿ ಯೋಜನೆಯನ್ನು ಮುಂದಿಟ್ಟರು. ಹೊರದೇಶದವರು ಇಲ್ಲಿ ಮನೆ ಕೊಳ್ಳಲು ಸರ್ಕಾರ ವಿಶೇಷ ವಿನಾಯಿತಿ ನೀಡಿತು. 2013ರಲ್ಲಿ ಐಷಾರಾಮಿ ಹೋಟೆಲು ತೆರೆಯಿತು. 2022ರಲ್ಲಿ ಹಿಮಜಾರಾಟದ ಉದ್ಯಮದ ಬಹುಪಾಲು ಅಮೆರಿಕದ ಕಂಪನಿಯ ಕೈಸೇರಿತು. ತರುಣರಿಗೆ ಉದ್ಯೋಗ ದೊರೆತಿದೆ, ನಿಜ. ನೀರಿಗೆ ಬಿಟ್ಟುಕೊಡದ ನೆಲವನ್ನು ಹಣಕ್ಕೆ ಎಷ್ಟರಮಟ್ಟಿಗೆ ಬಿಟ್ಟುಕೊಡಬೇಕೆಂಬುದು ಈಗ ಆ ಊರಿನ ಮುಂದಿರುವ ಪ್ರಶ್ನೆ.

ಹುಲ್ಲುಗಾವಲು, ಬೆಟ್ಟಗಳ ಒಡೆತನ ಇಂದಿಗೂ ಬಹುಮಟ್ಟಿಗೆ ಹಳೆಯ ಕುಟುಂಬಗಳ ಉರ್ಸೆರೆನ್ ಸಮುದಾಯ ಸಂಸ್ಥೆಯ ಕೈಯಲ್ಲಿದೆ. ಏನನ್ನು ಮಾರಬಹುದು, ಏನನ್ನು ಮುಟ್ಟಬಾರದು ಎಂಬ ವಿವೇಕವನ್ನು 1397ರಷ್ಟು ಹಿಂದೆಯೇ ಬರೆದಿಟ್ಟವರ ಸಂತತಿ ಅವರು. ಆ ಪತ್ರದ ಅರ್ಥವನ್ನು ಅವರು ಮರೆಯದಿರಲಿ. ಮುಟ್ಟಬಾರದ ಕಾಡೊಂದು ಪ್ರತಿ ಊರಿಗೂ ಇರುತ್ತದೆ. ಅದು ಯಾವುದೆಂದು ಆ ಊರಿನವರು ಬಲ್ಲವರಾಗಿರಬೇಕು.