ಚಾರ್ಮಾಡಿಯ ಇರುಳು

ಚಾರ್ಮಾಡಿಯನ್ನು ಕಂಡವರಲ್ಲಿ ಹೆಚ್ಚಿನವರು ಅದನ್ನು ಹಗಲಿನಲ್ಲಿಯೇ ಕಂಡವರು. ಮಂಗಳೂರಿನಿಂದ ಬೆಳ್ತಂಗಡಿ, ಉಜಿರೆಗಳನ್ನು ದಾಟಿ ಬರುವ 73ನೆಯ ರಾಷ್ಟ್ರೀಯ ಹೆದ್ದಾರಿಯು ಇಲ್ಲಿ ಸಹ್ಯಾದ್ರಿಯ ಬುಡವನ್ನು ಮುಟ್ಟಿ, ತಿರುವಿನ ಮೇಲೆ ತಿರುವನ್ನು ಏರಿ ಕೊಟ್ಟಿಗೆಹಾರವನ್ನು ಸೇರುತ್ತದೆ. ಮಳೆಗಾಲದ ಜಲಪಾತ, ಕಣಿವೆಯ ಮಂಜು, ಕೊಟ್ಟಿಗೆಹಾರದ ನೀರುದೋಸೆ—ಪ್ರವಾಸಿಗರ ನೆನಪು ಸಾಮಾನ್ಯವಾಗಿ ಇಷ್ಟಕ್ಕೇ ಮುಗಿಯುತ್ತದೆ. ಆದರೆ ಈ ಊರಿಗೆ ಇನ್ನೊಂದು ಸಂಪತ್ತೂ ಉಂಟು. ಅದು ಕತ್ತಲೆ.

ಡಿಜಿಟಲ್ ಕ್ಯಾಮೆರಾವೊಂದನ್ನು ಕೊಂಡು, ನಕ್ಷತ್ರಗಳ ಚಿತ್ರ ತೆಗೆಯಲು ಹಂಬಲಿಸುವ ಹೊಸಬನಿಗೆ ಮೊದಲು ಬೇಕಾದುದು ಈ ಕತ್ತಲೆಯೇ. ಎರಡನೆಯದು ಅಲುಗಾಡದ ಮುಕ್ಕಾಲಿ. ಮೂರನೆಯದು ತಾಳ್ಮೆ. ದೂರದರ್ಶಕವಿಲ್ಲದೆಯೂ ಈ ವಿದ್ಯೆಯನ್ನು ಆರಂಭಿಸಬಹುದು.

ಮಳೆ ಕಳೆದು ಆಕಾಶ ತೊಳೆದಂತಿರುವ ಡಿಸೆಂಬರ್, ಜನವರಿಗಳ ಅಮಾವಾಸ್ಯೆಯ ಆಸುಪಾಸು ಇದಕ್ಕೆ ತಕ್ಕ ಕಾಲ. ಪೂರ್ವದಲ್ಲಿ ಘಟ್ಟವೇ ಗೋಡೆಯಾಗಿ ನಿಂತಿರುವುದರಿಂದ ಇಲ್ಲಿ ತಾರೆಗಳು ತುಸು ತಡವಾಗಿ ಮುಖ ತೋರಿಸುತ್ತವೆ. ಜನವರಿಯ ಕೊನೆಯಲ್ಲಿ ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಮಹಾವ್ಯಾಧನು ನೆತ್ತಿಯ ಸಮೀಪಕ್ಕೆ ಬಂದಿರುತ್ತಾನೆ. ಅವನ ಬೆನ್ನಿಗೆ ಲುಬ್ಧಕ, ದಕ್ಷಿಣದಲ್ಲಿ ಅಗಸ್ತ್ಯ. ಉತ್ತರದ ಧ್ರುವನಾದರೋ ದಿಗಂತದಿಂದ ಕೇವಲ 13 ಡಿಗ್ರಿ ಎತ್ತರದಲ್ಲಿರುವವನು. ಅಡಿಕೆಮರದ ತಲೆಯೊಂದು ಅಡ್ಡ ಬಂದರೂ ಅವನು ಮರೆಯಾದಾನು.

ಕ್ಯಾಮೆರಾವನ್ನು ಸ್ವಯಂಚಾಲಿತ ಸ್ಥಿತಿಯಲ್ಲಿ ಬಿಟ್ಟರೆ ಕಪ್ಪು ಪರದೆಯಷ್ಟೇ ದೊರೆಯುತ್ತದೆ. ಆದುದರಿಂದ ಹೊಸಬನು ಲುಬ್ಧಕನನ್ನು ಹಿಂಬದಿಯ ಪರದೆಯಲ್ಲಿ ಹಿಗ್ಗಿಸಿ ನೋಡುತ್ತ, ಅದು ಚಿಕ್ಕ ಚುಕ್ಕೆಯಾಗುವವರೆಗೆ ಫೋಕಸ್ಸನ್ನು ಕೈಯಿಂದಲೇ ತಿರುಗಿಸಬೇಕು. ಮಸೂರದ ದ್ವಾರವನ್ನು ಪೂರ್ತಿ ತೆರೆದು, ಐಎಸ್‌ಒ ಅನ್ನು 1600 ಅಥವಾ 3200ಕ್ಕೆ ಇರಿಸಬೇಕು. ಎಷ್ಟು ಹೊತ್ತು ಬೆಳಕು ಹರಿಸಬೇಕು ಎಂಬುದಕ್ಕೆ ಸುಲಭದ ಲೆಕ್ಕವೊಂದಿದೆ: 500ನ್ನು ಮಸೂರದ ನಾಭಿದೂರದಿಂದ ಭಾಗಿಸುವುದು. ಸಂವೇದಕವು ಚಿಕ್ಕದಾದ ಸಾಮಾನ್ಯ ಕ್ಯಾಮೆರಾಗಳಲ್ಲಿ ಆ ದೂರವನ್ನು ಮೊದಲು ಒಂದೂವರೆಯಿಂದ ಗುಣಿಸಬೇಕು. 18 ಮಿಲಿಮೀಟರ್ ಮಸೂರಕ್ಕೆ ಸುಮಾರು 18 ಸೆಕೆಂಡು ದೊರೆಯುತ್ತದೆ. ಇದನ್ನು ಮೀರಿದರೆ ಚುಕ್ಕೆಗಳು ಗೆರೆಗಳಾಗುತ್ತವೆ. ಏಕೆಂದರೆ ಭೂಮಿಯು ನಾಲ್ಕು ನಿಮಿಷಕ್ಕೊಂದು ಡಿಗ್ರಿಯಂತೆ ತಿರುಗುತ್ತಲೇ ಇದೆ.

ಒಂದೇ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಾಣುವ ಕಲೆಗಳು ಹದಿನಾರು ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿದಾಗ ಕಾಲುಭಾಗಕ್ಕೆ ಇಳಿಯುತ್ತವೆ. ಈ ಕೆಲಸವನ್ನು ‘ಸಿರಿಲ್’ನಂತಹ ತಂತ್ರಾಂಶಗಳು ಹಣವಿಲ್ಲದೆ ಮಾಡಿಕೊಡುತ್ತವೆ. ಆಗ ವ್ಯಾಧನ ಖಡ್ಗದ ನಡುವೆ ನಸುಗೆಂಪು ಮೋಡವೊಂದು ಮೂಡುತ್ತದೆ. ಅದರ ಬೆಳಕು ಸುಮಾರು 1,300 ವರ್ಷಗಳ ಹಿಂದೆ, ಬಾದಾಮಿಯ ಚಾಲುಕ್ಯರು ಆಳುತ್ತಿದ್ದ ಕಾಲದಲ್ಲಿ ಹೊರಟು ಬಂದದ್ದು!

ಆಕಾಶಗಂಗೆಯ ನಡುಭಾಗವು ಜೂನ್, ಜುಲೈಗಳಲ್ಲಿ ನಡುರಾತ್ರಿಯ ವೇಳೆಗೆ ಮೇಲೇರಿರುತ್ತದೆ. ಆದರೆ ಆಗ ಕರಾವಳಿಯ ಆಕಾಶವು ಮಳೆಗೆ ಮೀಸಲು. ಅದನ್ನು ಬಯಸುವವರು ಮಾರ್ಚಿಯಲ್ಲಿ ಬೆಳಗಿನ ನಾಲ್ಕು ಗಂಟೆಗೆ ಏಳಬೇಕು.

ಎಲ್ಲಿ ನಿಲ್ಲಬೇಕೆಂಬುದು ಮುಖ್ಯ. ಘಟ್ಟದ ತಿರುವಿನಲ್ಲಿ ಗಾಡಿ ನಿಲ್ಲಿಸುವುದು ಅಪಾಯಕರ. ರಾತ್ರಿ ಕಾಡಾನೆಗಳು ರಸ್ತೆಗಿಳಿಯುವುದುಂಟು. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತುಹೋದ ದಾರಿ ಇದು. ಊರಿನ ಪರಿಚಿತರ ಅಂಗಳವನ್ನೋ ಗದ್ದೆಯ ಬದುವನ್ನೋ ಅಪ್ಪಣೆ ಕೇಳಿ ಬಳಸುವುದೇ ಜಾಣತನ. ಇಬ್ಬನಿಯು ಮಸೂರದ ಮೇಲೆ ಕೂರುತ್ತದೆ, ಒಣ ಬಟ್ಟೆಯೊಂದಿರಲಿ.

ಹೀಗೆ ತೆಗೆದ ಚಿತ್ರದ ಪಶ್ಚಿಮದ ಅಂಚಿನಲ್ಲಿ, ಕಣ್ಣಿಗೆ ಅಷ್ಟಾಗಿ ಕಾಣದ ಕಿತ್ತಳೆ ಬಣ್ಣದ ಮಬ್ಬೊಂದು ಕಂಡುಬರಬಹುದು. ಅದು ಪೇಟೆಗಳ ದೀಪಗಳು ಮೇಲಕ್ಕೆ ಚೆಲ್ಲಿದ ಬೆಳಕು. ಆ ಮಬ್ಬು ಹೆಚ್ಚಿದಷ್ಟೂ ಮಸುಕಾದ ತಾರೆಗಳು ಅಳಿಯುತ್ತವೆ. ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವೀಕ್ಷಣಾಲಯವಿರುವ ಕಡೆ, ಕತ್ತಲೆಯನ್ನು ಕಾಪಾಡಲೆಂದೇ 2022ರಲ್ಲಿ ಮೀಸಲು ಪ್ರದೇಶವನ್ನು ಘೋಷಿಸಲಾಯಿತು. ಚಾರ್ಮಾಡಿಗೆ ಅಂತಹ ಕಾವಲಿಲ್ಲ. ಆದರೂ ಅಂಗಳದ ದೀಪಕ್ಕೆ ಮೇಲೊಂದು ಮುಚ್ಚಳ ಹಾಕಿ, ಬೆಳಕು ಮೆಟ್ಟಿಲಿಗೆ ಮಾತ್ರ ಬೀಳುವಂತೆ ಮಾಡುವುದು ಯಾವ ಮನೆಯವರಿಗೂ ಕಷ್ಟವಲ್ಲ. ಹಾಗೆ ಮಾಡಿದರೆ ಮುಂದಿನ ಚಳಿಗಾಲಕ್ಕೆ ಬರುವ ಮಕ್ಕಳಿಗೂ ವ್ಯಾಧನ ಖಡ್ಗದ ಆ ಮೋಡ ಸಿಕ್ಕೀತು.