ಹರ್ತಿಯ ಹತ್ತಿ, ಲಿವರ್‌ಪೂಲಿನ ದರ

1865ರ ಮಾರ್ಚ್. ಗದಗದ ಬಳಿಯ ಹರ್ತಿ ಊರಿನ ಎರೆಹೊಲದಲ್ಲಿ ನಿಂತಿದ್ದೀರಿ. ನೆಲ ಬಾಯಿಬಿಟ್ಟಿದೆ, ಬಿರುಕಿನಲ್ಲಿ ಪಾದ ಸಿಕ್ಕದಂತೆ ನೋಡಿ ನಡೆಯಬೇಕು. ಹೊತ್ತು ಈಗಷ್ಟೇ ಮೂಡುತ್ತಿದೆ. ಹೆಂಗಸರು ಆಗಲೇ ಸಾಲು ಹಿಡಿದು ಹತ್ತಿ ಬಿಡಿಸುತ್ತಿದ್ದಾರೆ. ಬಿಸಿಲೇರಿದರೆ ಒಣಗಿದ ಎಲೆ ಪುಡಿಪುಡಿಯಾಗಿ ಅರಳೆಗೆ ಅಂಟಿಕೊಳ್ಳುತ್ತದೆ, ಅದಕ್ಕೇ ಈ ಅವಸರ. ಉಡಿ ತುಂಬಿದವರು ಬದುವಿನ ಮೇಲೆ ಸುರಿದು ಮತ್ತೆ ಸಾಲಿಗೆ ಮರಳುತ್ತಾರೆ. ಪಕ್ಕದ ಹೊಲದಲ್ಲೂ ಹತ್ತಿಯೇ, ಅದರಾಚೆಯೂ ಹತ್ತಿಯೇ. ಜೋಳ ಬೆಳೆಯುತ್ತಿದ್ದ ಎಷ್ಟೋ ನೆಲ ಈ ಮೂರ್ನಾಲ್ಕು ವರ್ಷಗಳಲ್ಲಿ ಹತ್ತಿಯ ಪಾಲಾಗಿದೆ.

ಕಾರಣ ಇಲ್ಲಿಯದಲ್ಲ. 1861ರಲ್ಲಿ ಅಮೆರಿಕದ ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧ ಹತ್ತಿತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಅಲ್ಲಿಯ ಹತ್ತಿಯನ್ನೇ ನಂಬಿದ್ದ ಇಂಗ್ಲೆಂಡಿನ ಲ್ಯಾಂಕಾಶೈರ್ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಲ್ಲಿಯ ಲಿವರ್‌ಪೂಲ್ ಬಂದರಿನಲ್ಲಿ ಹತ್ತಿಯ ದರ ಯುದ್ಧಕ್ಕೆ ಮೊದಲಿದ್ದ ದರದ ಮೂರು ಪಟ್ಟನ್ನೂ ಮೀರಿತು. ಆ ದರದ ಸೆಳೆತ ಹರ್ತಿಯ ಬಿತ್ತನೆಯನ್ನೇ ಬದಲಿಸಿತು.

ಊರೊಳಗೆ ಬನ್ನಿ. ಒಂದು ಮನೆಯ ಪಡಸಾಲೆಯಲ್ಲಿ ಚಪ್ಪಟೆ ಕಲ್ಲಿನ ಮುಂದೆ ಮುದುಕಿ ಕುಳಿತಿದ್ದಾಳೆ. ಕಲ್ಲಿನ ಮೇಲೊಂದು ಕಬ್ಬಿಣದ ಸಲಾಕೆ. ಪಾದಕ್ಕೆ ಕಟ್ಟಿಗೆಯ ಅಟ್ಟೆ ಕಟ್ಟಿಕೊಂಡು ಸಲಾಕೆಯನ್ನು ಹಿಂದೆ ಮುಂದೆ ಉರುಳಿಸುತ್ತಾಳೆ, ಕೈಯಿಂದ ಹತ್ತಿ ಒಡ್ಡುತ್ತಾಳೆ. ಕಾಳು ಇತ್ತ ಉಳಿಯುತ್ತದೆ, ಅರಳೆ ಅತ್ತ ಜಾರುತ್ತದೆ. ಜವಾರಿ ಹತ್ತಿಗೆ ಇದೇ ರೂಢಿ. ಇದರ ಜೊತೆಗೆ ಅಮೆರಿಕನ್ ತಳಿಯೂ ಈ ಸೀಮೆಯಲ್ಲಿ ಬೇರೂರಿದೆ. 1840ರ ದಶಕದಲ್ಲಿ ಸರ್ಕಾರ ಅಮೆರಿಕದ ಬೆಳೆಗಾರರನ್ನೇ ಧಾರವಾಡ ಜಿಲ್ಲೆಗೆ ಕರೆಸಿ ಅದನ್ನು ಬೆಳೆಸಿ ತೋರಿಸಿತ್ತು. ಆ ಹತ್ತಿಯ ಕಾಳು ಬಿಡಿಸಲು ಗರಗಸದ ಹಲ್ಲಿನ ಯಂತ್ರ ಬೇಕು. ಅದನ್ನು ಮಾಡುವ, ರಿಪೇರಿ ಮಾಡುವ ಸರ್ಕಾರಿ ಕಾರ್ಖಾನೆ ಧಾರವಾಡದಲ್ಲಿದೆ.

ಕಟ್ಟೆಯ ಮೇಲೆ ಮಾತು ನಡೆದಿದೆ, ಕಿವಿಗೊಡಿ.

“ಸಾವಕಾರ್ರ, ದರಾ ಏನರ ತಿಳೀತೇನ್ರಿ?”

“ಮುಂಬೈಯಿಂದ ಕಾಗದಾ ಬರಬೇಕಪ್ಪಾ. ಹೋದ ಕಾಗದದಾಗ ಸ್ವಲ್ಪ ಇಳದೈತಿ ಅಂತ ಬರದಿದ್ರು.”

“ನಿಮ್ಮ ಬಾಕಿ ಹೆಂಗ್ರಿ ಮತ್ತ?”

“ಹತ್ತಿ ತೂಗು, ಆಮ್ಯಾಲ ಲೆಕ್ಕಾ ನೋಡೂಣು.”

ಬೆಳೆ ಹೊಲದಲ್ಲಿರುವಾಗಲೇ ಅದರ ಮೇಲೆ ಸಾಲ ಎತ್ತಿಯಾಗಿದೆ. ಸಾಹುಕಾರನಿಗೆ ಹಣ ಬಂದದ್ದು ಹುಬ್ಬಳ್ಳಿಯ ದೊಡ್ಡ ಕುಳದಿಂದ, ಆ ಕುಳಕ್ಕೆ ಮುಂಬೈಯಿಂದ. ಮುಂಬೈಯ ಹಣ ಈಗ ಎಲ್ಲಿದೆ? ಸಮುದ್ರ ತುಂಬಿ ನೆಲ ಮಾಡುತ್ತೇವೆಂದು ಹೊರಟ ಬ್ಯಾಕ್ ಬೇ ಕಂಪನಿಯಂಥವುಗಳ ಷೇರುಗಳಲ್ಲಿದೆ. ಆ ಷೇರುಗಳನ್ನೇ ಅಡವಿಟ್ಟುಕೊಂಡು ಬ್ಯಾಂಕ್ ಆಫ್ ಬಾಂಬೆ ಸಾಲ ಕೊಟ್ಟಿದೆ. ಈ ಕಟ್ಟೆಯ ಮೇಲೆ ಕುಳಿತವರಲ್ಲಿ ಯಾರಿಗೂ ಅದರ ಸುಳಿವಿಲ್ಲ.

ಹತ್ತಿ ತುಂಬಿದ ಅಂಡಗಿಗಳು ಚಕ್ಕಡಿ ಏರಿದವು. ನೀವೂ ಮೇಲೆ ಕುಳಿತುಕೊಳ್ಳಿ. ಗದಗ, ಹುಬ್ಬಳ್ಳಿ, ಆಮೇಲೆ ಕಾಡು, ಘಟ್ಟ. ಇಳಿಜಾರಿನಲ್ಲಿ ಗಾಲಿಗೆ ಅಡ್ಡಗಟ್ಟಿಗೆ ಕೊಟ್ಟು, ಎತ್ತಿನ ಕೊಂಬು ಹಿಡಿದು ಇಳಿಸಬೇಕು. ಮಳೆ ಬೀಳುವುದರೊಳಗೆ ಕುಮಟಾ ಬಂದರು ಮುಟ್ಟದಿದ್ದರೆ ಆ ವರ್ಷದ ಸಾಗಣೆಯೇ ನಿಂತಂತೆ, ಜೂನ್ ಬಂತೆಂದರೆ ಹಾಯಿಯ ಪತ್ತೆಮಾರಿಗಳು ಸಮುದ್ರಕ್ಕೆ ಇಳಿಯುವುದಿಲ್ಲ. ಹಡಗಿಗೆ ಕಾರವಾರವೇ ಒಳ್ಳೆಯ ಬಂದರು ಎಂದು ಮ್ಯಾಂಚೆಸ್ಟರಿನ ಗಿರಣಿ ಮಾಲೀಕರು ಹಟ ಹಿಡಿದಿದ್ದರು. ಹತ್ತಿಯ ದಾರಿ ಸುಗಮವಾಗಲೆಂದು 1862ರಲ್ಲಿ ಉತ್ತರ ಕನ್ನಡವನ್ನೇ ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತಕ್ಕೆ ಸೇರಿಸಿದರು. ಆದರೂ ನಮ್ಮ ಚಕ್ಕಡಿ ಹೊರಟಿರುವುದು ಕುಮಟೆಗೇ. ಅಲ್ಲಿಂದ ಮುಂಬೈ. ಮುಂಬೈಯಲ್ಲಿ ಒತ್ತಿ ಬಿಗಿದ ಬೇಲು ಹಡಗೇರಿ, ಆಫ್ರಿಕಾದ ತುದಿ ಸುತ್ತಿ, ತಿಂಗಳುಗಟ್ಟಲೆ ಸಾಗಿ ಲಿವರ್‌ಪೂಲ್ ಸೇರಬೇಕು.

ಚಕ್ಕಡಿಗಳು ಇನ್ನೂ ದಾರಿಯಲ್ಲಿವೆ. ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ಲೀ ವರ್ಜೀನಿಯಾದಲ್ಲಿ ಶರಣಾಗುತ್ತಾನೆ. ಮೊದಲೇ ಸಡಿಲಾಗಿದ್ದ ದರ ಕುಸಿಯುತ್ತದೆ. ಜುಲೈ 1ಕ್ಕೆ ಮುಂಬೈಯಲ್ಲಿ ವಾಯಿದೆ ಲೆಕ್ಕ ಚುಕ್ತಾ ಆಗಬೇಕಿತ್ತು, ಕೊಡುವವರಲ್ಲಿ ಹಣವಿಲ್ಲ. ಕಂಪನಿಗಳು ಮುಳುಗಿದವು, ಕೊನೆಗೆ ಬ್ಯಾಂಕ್ ಆಫ್ ಬಾಂಬೆಯೂ ಮುಚ್ಚಿತು. ಸುದ್ದಿ ಮೊದಲು ಮುಟ್ಟುವುದು ಮುಂಬೈಗೆ, ಆಮೇಲೆ ಹುಬ್ಬಳ್ಳಿಗೆ, ಗದಗಿನ ಪೇಟೆಗೆ. ಹರ್ತಿಗೆ ಎಲ್ಲಕ್ಕಿಂತ ಕೊನೆಗೆ. ನನ್ನನ್ನು ಬಿಡದೆ ಕಾಡುವುದು ಇದೇ. ಹತ್ತಿ ಹೊರಡುವುದು ಈ ತುದಿಯಿಂದ, ದರ ಹೊರಡುವುದು ಆ ತುದಿಯಿಂದ. ನಡುವೆ ಇರುವವರೆಲ್ಲ ದರವನ್ನು ಬೆಳೆದವನಿಗಿಂತ ಮೊದಲು ಕಾಣುತ್ತಾರೆ.

ಮುಂದಿನ ವರ್ಷಗಳು ಬೇಗಬೇಗ ಸರಿಯುತ್ತವೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, 1870ರಲ್ಲಿ ಸಮುದ್ರದಡಿಯ ತಂತಿ ಮುಂಬೈಯನ್ನು ಲಂಡನ್ನಿಗೆ ಜೋಡಿಸಿತು. 1876–78ರ ಬರದಲ್ಲಿ ಹಣ ಕೊಟ್ಟರೂ ಕಾಳು ಸಿಗದೆ ಈ ಸೀಮೆಯ ಜನ ಸತ್ತರು. ಅದಾದ ಮೇಲೆ, 1884ರಲ್ಲಿ, ಹೊಟಗಿಯ ಕಡೆಯಿಂದ ಗದಗಕ್ಕೆ ರೈಲು ಬಂತು. ಆ ದಶಕ ಮುಗಿಯುವಷ್ಟರಲ್ಲಿ ಹಳಿ ಮರ್ಮಗೋವಾ ಬಂದರನ್ನೂ ಮುಟ್ಟಿತು. ಘಟ್ಟ ಇಳಿಯುವ ಹತ್ತಿಯ ಚಕ್ಕಡಿಗಳು ವಿರಳವಾದವು. ಗದಗಿನ ಹತ್ತಿಪೇಟೆ ಬೆಳೆಯಿತು. ಸಾಹುಕಾರನ ಬಡ್ಡಿ ಮಾತ್ರ ಹಾಗೇ ಉಳಿಯಿತು. ಅದಕ್ಕೆ ಮದ್ದು ಹುಡುಕಿದ್ದು ಇದೇ ಗದಗ ತಾಲ್ಲೂಕಿನ ಕಣಗಿನಹಾಳ. 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತನದಲ್ಲಿ ಅಲ್ಲಿಯ ರೈತರು ಕೂಡಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಲಂಡನ್ನಿನ ತಂತಿಗಿಂತ, ಮುಂಬೈಯ ಬ್ಯಾಂಕಿಗಿಂತ ದೊಡ್ಡ ಕೆಲಸ ಇದು ಎಂದೇ ನಾನು ತಿಳಿಯುತ್ತೇನೆ. ಹಣ ಎಲ್ಲಿಂದ ಬರಬೇಕು, ಯಾವ ಬಡ್ಡಿಗೆ ಬರಬೇಕು ಎಂಬ ಮಾತಿನಲ್ಲಿ ಊರಿನವರಿಗೂ ಬಾಯಿ ಬಂತು.

ಈಗ 2025ರ ಆಗಸ್ಟಿಗೆ ಬನ್ನಿ. ಅದೇ ಎರೆಹೊಲ, ಹಸಿಯಾಗಿದೆ. ಬಿಟಿ ಹತ್ತಿ ಸೊಂಟದೆತ್ತರ ನಿಂತಿದೆ, ಹೂವು ಕಾಯಿಗೆ ತಿರುಗುವ ಹೊತ್ತು. ಬದುವಿನ ಮೇಲೆ ನಿಂತ ಹುಡುಗನ ಮೊಬೈಲಿಗೆ ಸುದ್ದಿ ಬಂತು: ಹೊರದೇಶದ ಹತ್ತಿಯ ಮೇಲಿದ್ದ ಶೇ. 11ರ ಆಮದು ಸುಂಕವನ್ನು ಕೇಂದ್ರ ತೆಗೆದಿದೆ, ಸೆಪ್ಟೆಂಬರ್ 30ರವರೆಗೆ. ಅಮೆರಿಕ ನಮ್ಮ ಬಟ್ಟೆಯ ಮೇಲೆ ಸುಂಕ ಏರಿಸಿದ್ದರಿಂದ ಗಿರಣಿಗಳಿಗೆ ಅಗ್ಗದ ಹತ್ತಿ ಬೇಕಿತ್ತು. ಕೆಲವೇ ದಿನಗಳಲ್ಲಿ ಗಡುವು ಡಿಸೆಂಬರ್ 31ಕ್ಕೆ ಹೋಯಿತು. ಅಂದರೆ ಹರ್ತಿಯ ಹತ್ತಿ ಬಿಡಿಸಿ ಪೇಟೆಗೆ ಹೋಗುವ ತಿಂಗಳುಗಳೇ ಅದರೊಳಗೆ ಬಂದವು.

ಸುದ್ದಿ ಈಗ ದಿಲ್ಲಿಯಿಂದ ಹೊಲಕ್ಕೆ ಕ್ಷಣದಲ್ಲಿ ಮುಟ್ಟುತ್ತದೆ. ಆದರೆ ಬೀಜ, ಗೊಬ್ಬರಕ್ಕೆ ಹಣ ಸುರಿದಾಗಿದೆ. ಕಾಯಿ ಹಿಡಿದ ಗಿಡ ಕಿತ್ತು ಹೆಸರು ಬಿತ್ತಲಾಗುವುದಿಲ್ಲ. ಸುಂಕ ಏರಲಿ, ಇಳಿಯಲಿ, ಆ ನಿರ್ಧಾರ ಬಿತ್ತನೆಗೆ ಮುಂಚೆ, ಮೇ ತಿಂಗಳೊಳಗೆ ಹೊರಬೀಳಬೇಕು. ಹೊಲದಲ್ಲಿ ಬೆಳೆ ನಿಂತಿರುವಷ್ಟು ದಿನ ಸುಂಕವನ್ನು ಮುಟ್ಟಬಾರದು. ಹೋದ ಕಾಗದಕ್ಕೂ ಬರುವ ಕಾಗದಕ್ಕೂ ನಡುವೆ ದರ ಬದಲಾದ ನಷ್ಟವನ್ನು 1865ರಲ್ಲಿ ಹರ್ತಿ ಹೊತ್ತಿತ್ತು, ಬೇರೆ ದಾರಿಯಿರಲಿಲ್ಲ. ಈಗ ದಾರಿ ಇದೆ.