ಬಡಿಸಿದ ಕೈಗೆ ಬಡಿಸಿದ ದಿನ

ಹುಟ್ಟಿದ ದಿನವನ್ನು ಆಚರಿಸುವ ರೂಢಿ ನಮ್ಮ ಹಿರಿಯರಲ್ಲಿ ಅಷ್ಟಾಗಿ ಇರಲಿಲ್ಲ. ಬಹುಮಂದಿಗೆ ತಾವು ಹುಟ್ಟಿದ ತಾರೀಖೇ ತಿಳಿದಿರುತ್ತಿರಲಿಲ್ಲ; ಶಾಲೆಗೆ ಸೇರಿಸುವಾಗ ಗುರುಗಳು ಬರೆದುಕೊಂಡದ್ದೇ ಜನ್ಮದಿನವಾಗುತ್ತಿತ್ತು. ಇಂದು ಮೇಣದ ಬತ್ತಿಯನ್ನು ಊದಿ ಆರಿಸಿ ಕೇಕು ಕತ್ತರಿಸುವ ಪದ್ಧತಿ ಹಳ್ಳಿಗಳಿಗೂ ಬಂದಿದೆ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಪ್ರೀತಿಪಾತ್ರರಿಗೆ ಅಂದು ಮೆಚ್ಚಿನದನ್ನು ಉಣಬಡಿಸುವುದಕ್ಕಿಂತ ಮಿಗಿಲಾದ ಆಚರಣೆ ಇನ್ನೊಂದಿಲ್ಲವೆಂಬುದು ನನ್ನ ಅನುಭವ.

ನನ್ನ ಸಹಧರ್ಮಿಣಿ ವಿಜಯಪುರ ಸೀಮೆಯವಳು. ಜೋಳದ ರೊಟ್ಟಿಯಲ್ಲಿ ಬೆಳೆದ ಜೀವ. 1988ರಲ್ಲಿ ಅಧ್ಯಾಪಕ ವೃತ್ತಿ ನನ್ನನ್ನು ಬಂಟ್ವಾಳಕ್ಕೆ ಕರೆತಂದಾಗ ಅವಳೂ ನೇತ್ರಾವತಿಯ ದಡದ ಈ ಊರಿಗೆ ಬಂದಳು. ನೆರೆಮನೆಯ ತಾಯಂದಿರಿಂದ ನೀರುದೋಸೆ, ಪತ್ರೊಡೆ, ಕುಚ್ಚಲಕ್ಕಿಯ ಗಂಜಿಯನ್ನು ಕಲಿತಳು. ಮನೆಮಂದಿಯೆಲ್ಲ ಉಂಡೆದ್ದ ಮೇಲೆಯೇ ತಾನು ಉಣ್ಣುವುದು ಅವಳು ಬಿಡದೆ ನಡೆಸಿದ ನೇಮ. ಅಂಥವಳು 2023ರ ಮಳೆಗಾಲದಲ್ಲಿ ಡೆಂಗೆ ಜ್ವರದಿಂದ ಮಲಗಿದಳು. ಜ್ವರವೇನೋ ಬಿಟ್ಟಿತು, ಅನ್ನದ ಮೇಲಿನ ಮನಸ್ಸು ಮಾತ್ರ ಮರಳಲಿಲ್ಲ. ಮೂರು ತುತ್ತಿಗೆ ಕೈತೊಳೆಯುವಳು. ದಿನೇ ದಿನೇ ಕೃಶಳಾಗುತ್ತಿದ್ದ ಅವಳನ್ನು ಕಂಡು ನಮಗೆಲ್ಲ ಭಯವಾಯಿತು. “ನಾಲಗೆ ಬಯಸಿದ್ದನ್ನು ಕೊಡಿ” ಎಂದು ವೈದ್ಯರು ಹೇಳಿದರು. ಆ ಕಾರ್ತಿಕದಲ್ಲಿ ಅವಳಿಗೆ ಅರವತ್ತು ತುಂಬಿತು.

ಮಂಗಳೂರಿನ ಹೋಟೆಲಿನಲ್ಲಿ ಚೀನೀ ನೂಡಲ್ಸ್, ಥಾಯ್ ಅಡಿಗೆ ಉಣ್ಣಿಸೋಣವೆಂದು ಮಗಳು ಸೂಚಿಸಿದಳು. ತಾಯಿ ನಕ್ಕು, “ಅದೂ ನಮ್ಮ ಶಾವಿಗೀನ ಅಲ್ಲೇನವ್ವಾ? ನನಗ ಗೊತ್ತಿದ್ದ ಕಡೆ ಕರಕೊಂಡ ಹೋಗ್ರಿ” ಎಂದಳು. ಅವಳ ಮಾತಿನಲ್ಲಿ ತಥ್ಯವಿದೆ. ಈ ಜಿಲ್ಲೆಯವರು ಮುಂಡಕದ ಎಲೆಯ ಕೊಟ್ಟೆಯಲ್ಲಿ ಹಿಟ್ಟೆರೆದು ಮೂಡೆ ಬೇಯಿಸಿದರೆ, ಇಂಡೋನೇಷ್ಯದವರು ಹೆಣೆದ ತೆಂಗಿನ ಗರಿಯೊಳಗೆ ಅಕ್ಕಿ ತುಂಬಿ ಬೇಯಿಸಿ ಕೆತುಪಾತ್ ಎನ್ನುತ್ತಾರೆ. ಅಕ್ಕಿ, ತೆಂಗುಗಳ ನಂಟು ಕಡಲಾಚೆಗೂ ಹಬ್ಬಿದೆ.

ಅಂದು ಬೆಳಿಗ್ಗೆ ಬಂಟ್ವಾಳದ ಹಳೆಯ ಉಪಾಹಾರ ಗೃಹದಲ್ಲಿ ಕಾಯಿಬೆಲ್ಲದೊಡನೆ ನೀರುದೋಸೆ. ಒಂದನ್ನು ತಿಂದು, “ಹಿಟ್ಟು ಇನ್ನೂ ತೆಳ್ಳಗಿರಬೇಕಿತ್ತು” ಎಂದಳು. ತಿಂಗಳುಗಳ ಮೇಲೆ ಅವಳು ಊಟದ ಮಾತನ್ನಾಡಿದ್ದು ಅದೇ ಮೊದಲು. ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆಗಳನ್ನು ದಾಟಿ, ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳ ಸೇರಿದೆವು. ಶಿವಸನ್ನಿಧಿ, ವೈಷ್ಣವ ಅರ್ಚಕರು, ಜೈನ ಮನೆತನದ ಆಡಳಿತ ಒಂದೆಡೆ ಕೂಡಿದ ಆ ಕ್ಷೇತ್ರದ ಅನ್ನಛತ್ರದಲ್ಲಿ ನಿತ್ಯವೂ ಸಾವಿರಾರು ಮಂದಿ ಉಣ್ಣುತ್ತಾರೆ. ಪಂಕ್ತಿಯಲ್ಲಿ ಕುಳಿತವಳು ಅನ್ನವನ್ನು ಎರಡನೆಯ ಸಲ ಹಾಕಿಸಿಕೊಂಡಳು.

ವೇಣೂರಿನಲ್ಲಿ 1604ರಲ್ಲಿ ಪ್ರತಿಷ್ಠೆಗೊಂಡ ಗೊಮ್ಮಟನನ್ನು ಕಂಡು, ಸಂಜೆ ಮೂಡುಬಿದಿರೆಗೆ ಬಂದೆವು. 1430ರ ಸಾವಿರ ಕಂಬದ ಬಸದಿಯ ಅಂಗಳದಲ್ಲಿ ತುಸು ದಣಿವಾರಿಸಿಕೊಂಡೆವು. ಆ ಊರಿನ ವಿದ್ಯಾಸಂಸ್ಥೆಗಳಿಗೆ ಬಯಲುಸೀಮೆಯ ಮಕ್ಕಳೂ ಬರುತ್ತಾರೆ. ಅವರು ಹೋಗುವ ಚಿಕ್ಕ ಖಾನಾವಳಿಯೊಂದಿದೆ. ಅವಳಿಗೆ ಅದು ತವರಿದ್ದಂತೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಂದವು. ಖಾನಾವಳಿಯ ತಾಯಿ, “ಇನ್ನೊಂದ ಹಾಕಲೇನ್ರೀ ಅಕ್ಕಾರ?” ಎಂದು ಕೇಳಿದಾಗ ನನ್ನವಳು ಬೇಡವೆನ್ನಲಿಲ್ಲ. ಮೂರನೆಯ ರೊಟ್ಟಿಯನ್ನು ಮುರಿಯುತ್ತ, “ಬಾಯಿಗೆ ರುಚಿ ಬಂತ ನೋಡ್ರಿ” ಎಂದಳು. ಮಗಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಉಣ್ಣುವವರ ಮುಖ ನೋಡಿ ಬಡಿಸಬೇಕೆಂಬುದು ಮಠದ ಪ್ರಸಾದನಿಲಯದಲ್ಲಿ ಬೆಳೆದ ನಮಗೆಲ್ಲ ದೊರೆತ ಪಾಠ. ಪದಾರ್ಥದಷ್ಟೇ “ಇನ್ನೇನು ಬೇಕು?” ಎಂಬ ಮಾತೂ ಹಸಿವನ್ನು ಕರೆತರುತ್ತದೆ. ಪ್ರತಿ ಮನೆಯಲ್ಲಿಯೂ ಕೊನೆಗೆ ಉಣ್ಣುವವರೊಬ್ಬರು ಇರುತ್ತಾರೆ. ವಾಚಕ ಬಂಧುಗಳು ಅವರ ಜನ್ಮದಿನವನ್ನು ಕೇಳಿ ತಿಳಿದುಕೊಂಡು, ಅಂದಾದರೂ ಅವರನ್ನು ಮೊದಲ ಪಂಕ್ತಿಯಲ್ಲಿ ಕುಳ್ಳಿರಿಸಲಿ.